ಮೊಬೈಲ್ ಆ್ಯಪ್ ಮತ್ತು ವಯಸ್ಕರ ಇಂಗ್ಲಿಷ್ ಕಲಿಕೆ

ಶಾಲೆ ಬಿಟ್ಟು ದುಡಿಮೆಗೆ ಇಳಿದವರು, ಊರು ಅಥವಾ ದೇಶ ಬಿಟ್ಟು ಹೋದವರು, ಮನೆ ನಡೆಸುವವರು ಕೈಯಲ್ಲಿರುವ ಫೋನಿನ ನೆರವಿನಿಂದ ಇಂಗ್ಲಿಷ್ ಕಲಿಯುವ ಪದ್ಧತಿ ಇದು. ಭಾಷಾಬೋಧನೆಯ ವಿದ್ವಾಂಸರು ಇದನ್ನು ಮೊಬೈಲ್ ನೆರವಿನ ಭಾಷಾಕಲಿಕೆ ಎಂಬ ಕ್ಷೇತ್ರದಲ್ಲಿ ಸೇರಿಸುತ್ತಾರೆ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಆಗ್ನೆಸ್ ಕುಕುಲ್ಸ್ಕಾ-ಹ್ಯೂಮ್ ಮತ್ತು ಲೆಸ್ಲಿ ಶೀಲ್ಡ್ 2008ರಲ್ಲಿ ಈ ಕ್ಷೇತ್ರದ ಸಮೀಕ್ಷೆಯೊಂದನ್ನು ಪ್ರಕಟಿಸಿದರು. ಆ್ಯಪಲ್ ಕಂಪನಿಯ ಆ್ಯಪ್ ಸ್ಟೋರ್ ಬಾಗಿಲು ತೆರೆದದ್ದೂ ಅದೇ ವರ್ಷ. ಆಮೇಲೆ ಬಂದ ಆ್ಯಪ್‌ಗಳನ್ನು ಲೆಕ್ಕ ಇಟ್ಟು ಮುಗಿಸುವುದು ಕಷ್ಟ. ಪದಗಳನ್ನು ಕಲಿಸುವುದು, ಉಚ್ಚಾರಣೆ ತಿದ್ದುವುದು, ಮಾತಿಗೆ ಜೊತೆ ಒದಗಿಸುವುದು, ಪರೀಕ್ಷೆಗೆ ತಯಾರು ಮಾಡುವುದು ಹೀಗೆ ಅವುಗಳ ಕೆಲಸ ಬೇರೆ ಬೇರೆ. ಆದರೆ ದೊಡ್ಡವರಿಗೆ ಪಾಠಕ್ಕಿಂತ ಹೆಚ್ಚಾಗಿ ಇಲ್ಲದಿರುವುದು ಸಮಯ, ಧೈರ್ಯ ಮತ್ತು ತಮ್ಮ ತಪ್ಪು ಇಂಗ್ಲಿಷನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವ ಒಬ್ಬ ಮನುಷ್ಯ. ಯಾವ ಆ್ಯಪನ್ನಾದರೂ ಈ ಮೂರರ ಮೇಲೆಯೇ ಅಳೆಯಬೇಕು.

ಕಲಿಯುವವರು

ವಯಸ್ಕರ ಕಲಿಕೆಯನ್ನು ಮಕ್ಕಳ ಕಲಿಕೆಯಿಂದ ಬೇರ್ಪಡಿಸಿ ಚರ್ಚಿಸಿದವರಲ್ಲಿ ಅಮೆರಿಕದ ಮಾಲ್ಕಮ್ ನೋಲ್ಸ್ ಪ್ರಮುಖರು. ದೊಡ್ಡವರು ತಮ್ಮ ಅನುಭವವನ್ನು ಜೊತೆಗೇ ತರುತ್ತಾರೆ, ತಮಗೆ ಏಕೆ ಬೇಕು ಎಂದು ತಿಳಿಯದೆ ಕಲಿಯುವುದಿಲ್ಲ, ಇಂದಿನ ಕಷ್ಟಕ್ಕೆ ಇಂದೇ ಉತ್ತರ ಕೇಳುತ್ತಾರೆ ಎಂಬುದು ಅವರು 1970ರ ಸುಮಾರಿನಿಂದ ಮಂಡಿಸುತ್ತ ಬಂದ ವಿಚಾರದ ತಿರುಳು. ಇಂಗ್ಲಿಷ್ ಆ್ಯಪ್ ಇಳಿಸಿಕೊಳ್ಳುವವರಿಗೆ ಇದು ಪೂರ್ತಿ ಒಪ್ಪುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂರುವ ಸೆಕ್ಯುರಿಟಿಯವರಿಗೆ ಬೇಕಾದ ಇಂಗ್ಲಿಷ್ ಒಂದು, ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾ ಮುಗಿಸಿ ಇಂಟರ್‌ವ್ಯೂಗೆ ಹೊರಟ ಹುಡುಗನಿಗೆ ಬೇಕಾದದ್ದು ಇನ್ನೊಂದು. ಬ್ರಿಟನ್ನಿನಲ್ಲಿ ಕೆಲಸ ಮಾಡಬಯಸುವ ನರ್ಸ್ ಐಇಎಲ್‌ಟಿಎಸ್ ಅಥವಾ ಒಇಟಿ ಪರೀಕ್ಷೆಯಲ್ಲಿ ನಿಗದಿತ ಅಂಕ ತೆಗೆಯಬೇಕು. ಮಗಳ ಕಾನ್ವೆಂಟಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಬಾಯಿ ಬಿಡಲಾರದ ತಾಯಿಗೆ ಯಾವ ಪರೀಕ್ಷೆಯೂ ಬೇಡ. ನಾಲ್ಕು ಮಾತು ಸಾಕು, ಆದರೆ ಆ ನಾಲ್ಕು ಮಾತು ಎದುರಿಗಿರುವ ಮೇಡಂಗೆ ತಿಳಿಯಬೇಕು.

ಇವರಲ್ಲಿ ಹೆಚ್ಚಿನವರು ಇಂಗ್ಲಿಷ್ ಏನೂ ಬಾರದವರಲ್ಲ. ಶಾಲೆಯಲ್ಲಿ ವರ್ಷಗಟ್ಟಲೆ ಓದಿದ್ದಾರೆ, ಬೋರ್ಡು, ಬಿಲ್ಲು, ಮೆಸೇಜು ಓದಿ ಅರ್ಥ ಮಾಡಿಕೊಳ್ಳುತ್ತಾರೆ. ಮಾತಿಗೆ ಬಂದಾಗ ನಾಲಿಗೆ ಏಳುವುದಿಲ್ಲ. ನಾಚಿಕೆಯೇ ಇಲ್ಲಿ ದೊಡ್ಡ ತೊಡಕು. ಮನೆಯವರ ಮುಂದೆ, ಸಹೋದ್ಯೋಗಿಗಳ ಮುಂದೆ ತಪ್ಪು ಮಾತಾಡಿ ನಗೆಪಾಟಲಾಗುವ ಭಯ ವಯಸ್ಸಾದಂತೆ ಹೆಚ್ಚುತ್ತದೆ. ಫೋನು ನಗುವುದಿಲ್ಲ. ಆ್ಯಪ್‌ಗಳ ಜನಪ್ರಿಯತೆಗೆ ಎಲ್ಲ ತಂತ್ರಜ್ಞಾನಕ್ಕಿಂತ ಮೊದಲ ಕಾರಣ ಇದೇ ಇರಬೇಕು.

ಆ್ಯಪಿಗಿಂತ ಮೊದಲು

ದೊಡ್ಡವರು ಮನೆಯಲ್ಲೇ ಕೂತು ಇಂಗ್ಲಿಷ್ ಕಲಿಯುವ ಹಂಬಲ ಹಳೆಯದು. ಪುಸ್ತಕ್ ಮಹಲ್ ಪ್ರಕಟಿಸಿದ ರಾಪಿಡೆಕ್ಸ್ ಇಂಗ್ಲಿಷ್ ಸ್ಪೀಕಿಂಗ್ ಕೋರ್ಸ್ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಬಂದಿತು. ಕಪಿಲ್ ದೇವ್ ಅದರ ಜಾಹೀರಾತಿನ ಮುಖವಾಗಿದ್ದರು. ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಅದು ಇಲ್ಲದ ಕಾಲ ನೆನಪಿಗೆ ಬರುವುದಿಲ್ಲ. ರೇಡಿಯೊದಲ್ಲಿ ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಸ್ಪೆಷಲ್ ಇಂಗ್ಲಿಷ್ ಎಂಬ ಪ್ರಸಾರ ಶುರುಮಾಡಿತು. ಸುಮಾರು 1,500 ಪದಗಳ ಮಿತಿಯೊಳಗೆ, ಮಾಮೂಲಿಗಿಂತ ನಿಧಾನವಾಗಿ ಸುದ್ದಿ ಓದುವುದು ಅದರ ಕ್ರಮ.

ಬೇಕಾದ ಪದಗಳನ್ನಷ್ಟೇ ಮೊದಲು ಕಲಿಸು ಎಂಬ ಈ ತತ್ತ್ವದ ಒಂದು ಬೇರು ಢಾಕಾದಲ್ಲಿದೆ. ಇಂಡಿಯನ್ ಎಜುಕೇಶನ್ ಸರ್ವಿಸ್‌ನಲ್ಲಿದ್ದ ಮೈಕೆಲ್ ವೆಸ್ಟ್ 1920ರ ದಶಕದಲ್ಲಿ ಅಲ್ಲಿನ ಶಿಕ್ಷಕರ ತರಬೇತಿ ಕಾಲೇಜಿನ ಮುಖ್ಯಸ್ಥರಾಗಿ, ಬಂಗಾಳದ ಮಕ್ಕಳು ವರ್ಷಗಟ್ಟಲೆ ಕಲಿತರೂ ಒಂದು ಪುಸ್ತಕ ಓದಲಾರದೆ ಇರುವುದನ್ನು ಕಂಡರು. ಅಪರೂಪದ ಪದಗಳನ್ನು ತೆಗೆದುಹಾಕಿ, ಮತ್ತೆ ಮತ್ತೆ ಬರುವ ಪದಗಳಲ್ಲೇ ಪಾಠ ಕಟ್ಟುವುದು ಅವರು ಕಂಡುಕೊಂಡ ದಾರಿ. ಆ ಕೆಲಸ ಬೆಳೆದು 1953ರಲ್ಲಿ ಸುಮಾರು 2,000 ಪದಗಳ ಜನರಲ್ ಸರ್ವಿಸ್ ಲಿಸ್ಟ್ ಆಗಿ ಪ್ರಕಟವಾಯಿತು. ಇಂದಿನ ಆ್ಯಪ್‌ಗಳು ಯಾವ ಪದ ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವುದಕ್ಕೆ ಇಂಥ ಪಟ್ಟಿಗಳೂ ಒಂದು ಆಧಾರ.

ಬಿಬಿಸಿ ಜಾನಾಲಾ

ಫೋನಿನ ಮೂಲಕ ವಯಸ್ಕರಿಗೆ ಇಂಗ್ಲಿಷ್ ಕಲಿಸಿದ ಮೊದಲ ದೊಡ್ಡ ಪ್ರಯೋಗಗಳಲ್ಲೊಂದು ನಡೆದದ್ದೂ ಬಂಗಾಳಿಗಳ ನಾಡಿನಲ್ಲೇ. ಬ್ರಿಟಿಷ್ ಸರ್ಕಾರದ ಹಣದಲ್ಲಿ ಬಾಂಗ್ಲಾದೇಶದಲ್ಲಿ ಇಂಗ್ಲಿಷ್ ಇನ್ ಆ್ಯಕ್ಷನ್ ಎಂಬ ಯೋಜನೆ 2008ರಲ್ಲಿ ಆರಂಭವಾಯಿತು, 2.5 ಕೋಟಿ ಜನರನ್ನು ಮುಟ್ಟುವುದು ಗುರಿ. ಅದರ ಭಾಗವಾಗಿ ಬಿಬಿಸಿ ವರ್ಲ್ಡ್ ಸರ್ವಿಸ್ ಟ್ರಸ್ಟ್ 2009ರ ನವೆಂಬರಿನಲ್ಲಿ ಬಿಬಿಸಿ ಜಾನಾಲಾ ಶುರುಮಾಡಿತು.

ಆಗ ಅಲ್ಲಿನ ಜನರ ಕೈಯಲ್ಲಿದ್ದದ್ದು ಬಟನ್ ಫೋನು. ಇಂಟರ್‌ನೆಟ್ ಇರಲಿಲ್ಲ, ಆ್ಯಪ್ ಇರಲಿಲ್ಲ. 3000 ಎಂಬ ಸಂಖ್ಯೆಗೆ ಡಯಲ್ ಮಾಡಿದರೆ ಮೂರು ನಿಮಿಷದ ಪಾಠವೊಂದು ಕಿವಿಗೆ ಬೀಳುತ್ತಿತ್ತು. ಬಂಗಾಳಿಯಲ್ಲಿ ವಿವರಣೆ, ಇಂಗ್ಲಿಷಿನಲ್ಲಿ ಮಾತು. ದೇಶದ ಆರೂ ಮೊಬೈಲ್ ಕಂಪನಿಗಳು ಪೈಪೋಟಿ ಬದಿಗಿಟ್ಟು ಈ ಸಂಖ್ಯೆಗೆ ಕರೆದರವನ್ನು ಬಹಳ ಇಳಿಸಲು ಒಪ್ಪಿದವು. ಯೋಜನೆ ಗೆದ್ದದ್ದರಲ್ಲಿ ಪಾಠದ ಸೊಗಸಿಗಿಂತ ಈ ಒಪ್ಪಂದದ ಪಾಲೇ ದೊಡ್ಡದು. ಕೆಲವೇ ತಿಂಗಳಲ್ಲಿ ಕರೆಗಳು ಹತ್ತು ಲಕ್ಷ ದಾಟಿದವು. ಜೊತೆಗೆ ದಿನಪತ್ರಿಕೆಯಲ್ಲಿ ಪಾಠ, ಟಿವಿಯಲ್ಲಿ ಮೋಜೇ ಮೋಜೇ ಶೇಖಾ ಎಂಬ ಕಾರ್ಯಕ್ರಮ ಬಂದವು. ಬೆಳಿಗ್ಗೆ ಪತ್ರಿಕೆಯಲ್ಲಿ ಓದಿದ್ದನ್ನು ಫೋನಿನಲ್ಲಿ ಕೇಳಿ, ಸಂಜೆ ಟಿವಿಯಲ್ಲಿ ನೋಡುವ ಅನುಕೂಲ ಇತ್ತು.

ಭಾರತದಲ್ಲಿ ಅದೇ ವರ್ಷ ನೋಕಿಯಾ ಕಂಪನಿ ಲೈಫ್ ಟೂಲ್ಸ್ ಹೆಸರಿನಲ್ಲಿ ಎಸ್‌ಎಂಎಸ್ ಸೇವೆ ತಂದಿತು. ಕೃಷಿ ಬೆಲೆ, ಹವಾಮಾನದ ಜೊತೆ ಇಂಗ್ಲಿಷ್ ಪದಪಾಠವೂ ಅದರಲ್ಲಿತ್ತು. ಅಕ್ಷರದಲ್ಲಷ್ಟೇ ಬರುವ ಪಾಠಕ್ಕೆ ದನಿ ಇರಲಿಲ್ಲ. ಸ್ಮಾರ್ಟ್‌ಫೋನ್ ಬಂದಮೇಲೆ ಇಂಥ ಸೇವೆಗಳು ಮರೆಗೆ ಸರಿದವು. ಫೋನು ಮೂಲತಃ ಮಾತಾಡುವ, ಕೇಳುವ ಸಾಧನ. ಪರದೆ ದೊಡ್ಡದಾದ ಮೇಲೆ ಆ್ಯಪ್ ತಯಾರಕರು ಬಹಳ ವರ್ಷ ಅದನ್ನು ಒತ್ತುವ, ಉಜ್ಜುವ ಸಾಧನವಾಗಿಯೇ ಕಂಡರು. ಅಮೆರಿಕದ ಸೆಲ್-ಎಡ್ ಎಂಬ ಸಂಸ್ಥೆ ಮಾತ್ರ ಕರೆ ಮತ್ತು ಎಸ್‌ಎಂಎಸ್ ಬಿಡದೆ, ಇಂಟರ್‌ನೆಟ್ ಇಲ್ಲದ ಫೋನಿನಲ್ಲೂ ಸ್ಪ್ಯಾನಿಷ್ ಮಾತಾಡುವ ವಲಸೆಗಾರರಿಗೆ ಕಲಿಸುವ ದಾರಿ ಹಿಡಿಯಿತು.

ಮರೆವಿನ ಲೆಕ್ಕ

ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತೆ ಎಂದು ಲೆಕ್ಕವಿಟ್ಟು 1885ರಲ್ಲಿ ಪ್ರಕಟಿಸಿದರು. ಕಲಿತ ಕೂಡಲೇ ಮರೆವು ವೇಗವಾಗಿ, ಆಮೇಲೆ ನಿಧಾನವಾಗಿ ಆಗುತ್ತದೆ. ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸಿಕೊಂಡರೆ ನೆನಪು ಗಟ್ಟಿಯಾಗುತ್ತದೆ. ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಇದನ್ನು ಚೀಟಿ ಮತ್ತು ಡಬ್ಬಿಗಳ ಸರಳ ಪದ್ಧತಿಯಾಗಿಸಿದರು: ಗೊತ್ತಾದ ಪದದ ಚೀಟಿ ಮುಂದಿನ ಡಬ್ಬಿಗೆ ಹೋಗಿ ತಡವಾಗಿ ಬರುತ್ತದೆ, ತಪ್ಪಿದ್ದು ಮೊದಲ ಡಬ್ಬಿಗೆ ಮರಳುತ್ತದೆ. ಪೋಲೆಂಡಿನ ವಿದ್ಯಾರ್ಥಿ ಪ್ಯೊತ್ರ್ ವೊಜ್ನಿಯಾಕ್ 1987ರಲ್ಲಿ ಇದನ್ನು ಕಂಪ್ಯೂಟರಿನ ಸೂತ್ರವಾಗಿಸಿದರು. ಅವರ ಸೂಪರ್‌ಮೆಮೊ, ಆಮೇಲೆ 2006ರಲ್ಲಿ ಬಂದ ಆಂಕಿ, ಇಂದಿನ ಹೆಚ್ಚಿನ ಪದಕಲಿಕೆಯ ಆ್ಯಪ್‌ಗಳು ಒಂದೇ ಕುಟುಂಬದವು.

ಇದು ಆ್ಯಪ್‌ಗಳು ನಿಜವಾಗಿ ಚೆನ್ನಾಗಿ ಮಾಡುವ ಕೆಲಸ: ಮರೆಯುವ ಹೊತ್ತಿಗೆ ನೆನಪಿಸುವುದು. ಮೆಟ್ರೊದಲ್ಲಿ ನಿಂತ ಹತ್ತು ನಿಮಿಷದಲ್ಲಿ ನಿನ್ನೆಯ ಪದ, ಕಳೆದ ವಾರದ ಪದ, ತಿಂಗಳ ಹಿಂದಿನ ಪದ ಸರಿಯಾದ ಹೊತ್ತಿಗೆ ಎದುರಾಗುವಂತೆ ಲೆಕ್ಕ ಇಡುವುದು ಯಾವ ಮೇಷ್ಟರಿಗೂ ಸಾಧ್ಯವಿಲ್ಲ. ಆದರೆ ಪದ ಗೊತ್ತಿರುವುದು ಬೇರೆ, ಅದು ಮಾತಿನ ಮಧ್ಯೆ ಬಾಯಿಗೆ ಬರುವುದು ಬೇರೆ. ಕೆನಡಾದ ಮೆರಿಲ್ ಸ್ವೇನ್ 1985ರಿಂದ ವಾದಿಸುತ್ತ ಬಂದದ್ದು ಇದನ್ನೇ: ಕೇಳುವುದು, ಓದುವುದು ಸಾಲದು, ತಾನೇ ಹೇಳಲು ಹೋಗಿ ತಡವರಿಸಿದಾಗ ತನಗೆ ಏನು ಬರುವುದಿಲ್ಲ ಎಂಬುದು ಕಲಿಯುವವರ ಗಮನಕ್ಕೆ ಬರುತ್ತದೆ.

ಡುವೊಲಿಂಗೊ ಮತ್ತು ಅದರ ಜಾತಿಯವು

ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲೂಯಿಸ್ ಫಾನ್ ಆನ್ ಮತ್ತು ಅವರ ವಿದ್ಯಾರ್ಥಿ ಸೆವೆರಿನ್ ಹ್ಯಾಕರ್ ಕಟ್ಟಿದ ಡುವೊಲಿಂಗೊ 2012ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಫಾನ್ ಆನ್ ಗ್ವಾಟೆಮಾಲಾದವರು. ಅಮೆರಿಕಕ್ಕೆ ಓದಲು ಹೋಗುವ ಮೊದಲು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ತಮ್ಮ ದೇಶದಲ್ಲಿ ಸೀಟು ಸಿಗದೆ ಪಕ್ಕದ ಎಲ್ ಸಾಲ್ವಡೋರಿಗೆ ವಿಮಾನದಲ್ಲಿ ಹೋಗಿ ಬರೆದದ್ದನ್ನು ಅವರು ಹಲವು ಸಲ ಹೇಳಿಕೊಂಡಿದ್ದಾರೆ. ಬಡದೇಶದವರು ಇಂಗ್ಲಿಷ್ ಕಲಿಯಲು ಹಣ ಸುರಿಯಬೇಕಾದ ಸ್ಥಿತಿಯೇ ತಮ್ಮ ಪ್ರೇರಣೆ ಎಂಬುದು ಅವರ ಮಾತು. ಆರಂಭದಲ್ಲಿ ಕಲಿಯುವವರ ಅಭ್ಯಾಸವನ್ನೇ ಅನುವಾದದ ದುಡಿಮೆಯಾಗಿ ಬಳಸಿ, ಸಿಎನ್‌ಎನ್, ಬಝ್‌ಫೀಡ್‌ಗಳಂಥ ಸಂಸ್ಥೆಗಳಿಗೆ ಮಾರಿ ಪಾಠವನ್ನು ಉಚಿತವಾಗಿಡುವ ಉಪಾಯ ಹೂಡಿದ್ದರು. ಅದು ಬಹುಕಾಲ ನಡೆಯಲಿಲ್ಲ. ಈಗ ಜಾಹೀರಾತು ಮತ್ತು ಚಂದಾ ಹಣವೇ ಮುಖ್ಯ ಆಧಾರ. 2021ರ ಜುಲೈಯಲ್ಲಿ ಕಂಪನಿ ನಾಸ್ಡಾಕ್ ಷೇರುಪೇಟೆ ಸೇರಿತು.

ಬರ್ಲಿನ್ನಿನ ಬ್ಯಾಬೆಲ್, ಮ್ಯಾಡ್ರಿಡ್‌ನಲ್ಲಿ 2008ರಲ್ಲಿ ಹುಟ್ಟಿದ ಬುಸೂ, ಬ್ರಿಟನ್ನಿನ ಮೆಮ್ರೈಸ್ ಇದೇ ಕಾಲದವು. ಬುಸೂ ಒಂದು ಒಳ್ಳೆಯ ಕೆಲಸ ಮಾಡಿತು: ಕಲಿಯುವವರು ಬರೆದದ್ದನ್ನು ಆ ಭಾಷೆ ಬಲ್ಲ ಇನ್ನೊಬ್ಬ ಬಳಕೆದಾರ ತಿದ್ದುವಂತೆ ಮಾಡಿತು. ಹಲೋಟಾಕ್ ಇನ್ನೂ ಮುಂದೆ ಹೋಗಿ ಇಬ್ಬರು ಪರಸ್ಪರರ ಭಾಷೆ ಕಲಿಯಲು ಜೋಡಿಯಾಗುವ ವೇದಿಕೆ ಕೊಟ್ಟಿತು. ಆದರೆ ಕನ್ನಡ ಕಲಿಯಲು ಕಾದಿರುವ ಇಂಗ್ಲಿಷರು ಅಪರೂಪವಾದ್ದರಿಂದ ಈ ಕೊಡುಕೊಳ್ಳುವಿಕೆ ನಮ್ಮವರಿಗೆ ಹೆಚ್ಚು ಒದಗುವುದಿಲ್ಲ.

ಈ ಆ್ಯಪ್‌ಗಳಲ್ಲಿ ದಿನ ತಪ್ಪದೆ ಬಂದರೆ ಅಂಕ, ಒಂದು ದಿನ ತಪ್ಪಿದರೆ ಸರಣಿ ಮುರಿಯುವ ಎಚ್ಚರಿಕೆ, ನೋಟಿಫಿಕೇಶನ್, ವಾರದ ಪಟ್ಟಿಯಲ್ಲಿ ಮೇಲೇರುವ ಸ್ಪರ್ಧೆ: ಆಟದ ಈ ಸಾಮಗ್ರಿಯಿಂದ ಅಭ್ಯಾಸ ಉಳಿಯುತ್ತದೆ ಎಂಬುದು ನಿಜ. ಸರಣಿ ಉಳಿಸಿಕೊಳ್ಳಲು ರಾತ್ರಿ ಹನ್ನೊಂದೂವರೆಗೆ ಅತಿ ಸುಲಭದ ಪಾಠವೊಂದನ್ನು ಮುಗಿಸಿ ಮಲಗುವವರೂ ಇದ್ದಾರೆ. ಅದನ್ನು ಕಲಿಕೆ ಎನ್ನಲಾಗದು, ಹಾಜರಿ ಎನ್ನಬಹುದು.

ಕನ್ನಡಿಗರ ಮಟ್ಟಿಗೆ

ಭಾರತದಲ್ಲಿ 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದದ್ದು ಈ ಆ್ಯಪ್‌ಗಳನ್ನು ಹಳ್ಳಿಗೂ ತಲುಪಿಸಿತು. ಜೈಪುರದ ಕಲ್ಚರ್‌ಆ್ಯಲಿ ಸಂಸ್ಥೆಯ ಹಲೋ ಇಂಗ್ಲಿಷ್ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಮೂಲಕ ಇಂಗ್ಲಿಷ್ ಕಲಿಸುತ್ತದೆ. ಬೆಂಗಳೂರಿನ ಕಿಂಗ್ಸ್ ಲರ್ನಿಂಗ್ ಸಂಸ್ಥೆಯ ಎನ್‌ಗುರು ಉದ್ಯೋಗದ ಇಂಗ್ಲಿಷಿಗೆ ಒತ್ತು ಕೊಟ್ಟಿತು. ಸರ್ಕಾರದ ಪಾತ್ರ ಇಲ್ಲಿ ತೀರ ಕಡಿಮೆ. ಕೇಂದ್ರ ಸರ್ಕಾರ 2023ರಲ್ಲಿ ತಂದ ಉಲ್ಲಾಸ್ ಆ್ಯಪ್ ವಯಸ್ಕರದ್ದೇ ಆದರೂ ಅದರ ಉದ್ದೇಶ ಓದು, ಬರಹ, ಲೆಕ್ಕ, ಇಂಗ್ಲಿಷ್ ಅಲ್ಲ. ಅದು ಸರಿಯೂ ಹೌದು. ಆದರೆ ವಯಸ್ಕರ ಇಂಗ್ಲಿಷ್ ಎಂಬುದು ಪೂರ್ತಿಯಾಗಿ ಮಾರುಕಟ್ಟೆಯ ಪಾಲಾಗಲು ಇದೂ ಒಂದು ಕಾರಣ.

ಅಮೆರಿಕ, ಯುರೋಪಿನಲ್ಲಿ ಕಟ್ಟಿದ ಪಾಠಕ್ರಮ ಕನ್ನಡ ಮಾತೃಭಾಷೆಯವರು ಎಲ್ಲಿ ಎಡವುತ್ತಾರೆ ಎಂಬುದನ್ನು ಗಮನಿಸುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರಬೇಕು. ಮಾತಿನ ವೇಗದಲ್ಲಿ ಈ ತಿರುವು ಕೂಡಲೇ ಒದಗುವುದಿಲ್ಲ. ಎ, ಆ್ಯನ್, ದಿ ಎಂಬ ಪುಟ್ಟ ಪದಗಳಿಗೆ ಕನ್ನಡದಲ್ಲಿ ಸಮಾನವಾದದ್ದಿಲ್ಲ. ಜರ್ಮನ್, ಸ್ಪ್ಯಾನಿಷ್ ಮಾತಾಡುವವರಿಗೆ ಅಂಥವು ತಮ್ಮ ಭಾಷೆಯಲ್ಲೇ ಇರುವುದರಿಂದ ಎರಡು ಅಭ್ಯಾಸದಲ್ಲಿ ಮುಗಿಯುವ ವಿಷಯ ನಮ್ಮವರಿಗೆ ವರ್ಷಗಳ ಕಾಟ. ನಮ್ಮ ವಕಾರ ಇಂಗ್ಲಿಷಿನ ಎರಡು ದನಿಗಳನ್ನು ಒಂದೇ ಮಾಡುತ್ತದೆ. ಜ಼ೂ ಎಂಬಲ್ಲಿನ ದನಿ ಜಕಾರವಾಗುತ್ತದೆ, ಎಗ್ ಎಂಬುದು ಯೆಗ್ಗಾಗುತ್ತದೆ, ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಉಕಾರ ಸೇರಿ ಬಸ್ಸು, ಲೈಟು ಆಗುತ್ತದೆ. ಇಂಗ್ಲಿಷ್ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆದು ತೋರಿಸುವ ಕ್ರಮ ರಾಪಿಡೆಕ್ಸ್ ಕಾಲದಿಂದ ಆ್ಯಪಿನವರೆಗೆ ಬಂದಿದೆ. ಅಂಜಿಕೆ ಕಳೆಯಲು ಅದು ಒಳ್ಳೆಯದು. ಆದರೆ ಲಿಪಿಯಲ್ಲಿ ಇಲ್ಲದ ದನಿ ಕಿವಿಗೆ ಬೀಳದೆ ಹೋಗುವ ಅಪಾಯವೂ ಅಲ್ಲೇ ಇದೆ. ಮೊದಲ ತಿಂಗಳು ಕನ್ನಡ ಲಿಪಿ ಇಟ್ಟುಕೊಂಡು ಆಮೇಲೆ ಕಿವಿಯನ್ನೇ ನಂಬುವುದು ಮೇಲು.

ಉಚ್ಚಾರಣೆ ಕೇಳುವ ಯಂತ್ರ

ಕಲಿಯುವವರ ದನಿಯನ್ನು ಯಂತ್ರ ಅಳೆಯುವ ಬಗೆಯನ್ನು ಕೇಂಬ್ರಿಜ್‌ನ ಸಿಲ್ಕೆ ವಿಟ್ ಮತ್ತು ಸ್ಟೀವ್ ಯಂಗ್ 2000ದಲ್ಲಿ ವಿವರಿಸಿದರು. ಹೇಳಬೇಕಾದ ದನಿ ಯಾವುದು ಎಂದು ಯಂತ್ರಕ್ಕೆ ಮೊದಲೇ ಗೊತ್ತಿರುತ್ತದೆ. ಕೇಳಿದ್ದು ಅದಕ್ಕೆ ಎಷ್ಟು ಹತ್ತಿರ, ಬೇರೆ ದನಿಗೆ ಎಷ್ಟು ಹತ್ತಿರ ಎಂದು ಹೋಲಿಸಿ ಅಂಕ ಕೊಡುತ್ತದೆ. ಶಾಂಘೈನಲ್ಲಿ 2012ರಲ್ಲಿ ಹುಟ್ಟಿದ ಲಿಯುಲಿಶುವೊ ಕಂಪನಿ ಇಂಥ ತಂತ್ರವನ್ನು ಚೀನೀ ಕಲಿಯುವವರಿಗೆ ಒಯ್ದು 2018ರಲ್ಲಿ ನ್ಯೂಯಾರ್ಕ್ ಷೇರುಪೇಟೆ ಸೇರಿತು. ವಿಯೆಟ್ನಾಮಿನ ವು ವಾನ್ ಅಮೆರಿಕದಲ್ಲಿ ಓದುವಾಗ ತಮ್ಮ ಉಚ್ಚಾರಣೆ ಜನರಿಗೆ ತಿಳಿಯದೆ ಪಟ್ಟ ಪಾಡಿನಿಂದ, ದನಿತಜ್ಞ ಶಾವಿಯರ್ ಅಂಗೇರಾ ಜೊತೆ ಎಲ್ಸಾ ಸ್ಪೀಕ್ ಎಂಬ ಆ್ಯಪ್ ಕಟ್ಟಿದರು.

ಯಂತ್ರದ ಕಿವಿ ಎಲ್ಲರಿಗೂ ಒಂದೇ ರೀತಿ ಕೇಳುವುದಿಲ್ಲ. ಅಮೆಜಾನ್, ಆ್ಯಪಲ್, ಗೂಗಲ್, ಐಬಿಎಂ, ಮೈಕ್ರೊಸಾಫ್ಟ್ ಕಂಪನಿಗಳ ದನಿ ಗುರುತಿಸುವ ತಂತ್ರಾಂಶಗಳನ್ನು ಪರೀಕ್ಷಿಸಿದ 2020ರ ಅಧ್ಯಯನವೊಂದರಲ್ಲಿ ಬಿಳಿಯರ ಮಾತಿನಲ್ಲಿ ಶೇಕಡ 19ರಷ್ಟು ಪದಗಳು ತಪ್ಪಿದರೆ, ಆಫ್ರಿಕನ್ ಅಮೆರಿಕನ್ನರ ಮಾತಿನಲ್ಲಿ ಶೇಕಡ 35ರಷ್ಟು ತಪ್ಪಿದವು. ಇಂಗ್ಲಿಷೇ ಮಾತೃಭಾಷೆಯಾದವರ ಗತಿ ಇದಾದರೆ, ಕನ್ನಡ ನಾಲಿಗೆಯ ಇಂಗ್ಲಿಷಿಗೆ ಆ್ಯಪ್ ಕೊಡುವ ಕೆಂಪು ಗುರುತನ್ನು ಪೂರ್ತಿ ನಂಬಬೇಕಿಲ್ಲ. ಭಾರತೀಯರ ಇಂಗ್ಲಿಷ್ ಉಚ್ಚಾರಣೆಯ ಮಾದರಿಗಳನ್ನು ಹಲವು ರಾಜ್ಯಗಳಿಂದ ಸಂಗ್ರಹಿಸುವ ಕೆಲಸವನ್ನು ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಕೈಗೊಂಡಿದೆ. ಇನ್ನೊಂದು ಪ್ರಶ್ನೆಯೂ ಇದೆ: ಅಮೆರಿಕದವರಂತೆ ಮಾತಾಡುವುದು ಗುರಿಯೇ, ಎದುರಿನವರಿಗೆ ತಿಳಿಯುವಂತೆ ಮಾತಾಡುವುದು ಗುರಿಯೇ? ಹುಬ್ಬಳ್ಳಿಯವರು ಚೆನ್ನೈನವರ ಜೊತೆ ಇಂಗ್ಲಿಷಿನಲ್ಲಿ ವ್ಯವಹರಿಸುವಾಗ ಎರಡನೆಯದು ಸಾಕು. ಹೆಚ್ಚಿನ ಆ್ಯಪ್‌ಗಳು ಮೊದಲನೆಯದನ್ನೇ ಮಾರುತ್ತವೆ.

2022ರ ಕೊನೆಗೆ ಚಾಟ್‌ಜಿಪಿಟಿ ಬಂದಮೇಲೆ ಯಂತ್ರದ ಜೊತೆ ಸಂಭಾಷಣೆಯೇ ಸಾಧ್ಯವಾಯಿತು. ದಕ್ಷಿಣ ಕೊರಿಯಾದಲ್ಲಿ ಬೆಳೆದ ಸ್ಪೀಕ್ ಎಂಬ ಆ್ಯಪ್ ಈ ದಾರಿ ಹಿಡಿಯಿತು. 2023ರ ಮಾರ್ಚಿನಲ್ಲಿ ಡುವೊಲಿಂಗೊ ಜಿಪಿಟಿ-4 ಬಳಸುವ ದುಬಾರಿ ಚಂದಾ ಯೋಜನೆ ತಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಗೂಗಲ್ ತನ್ನ ಹುಡುಕುಪುಟದಲ್ಲೇ ಇಂಗ್ಲಿಷ್ ಮಾತಿನ ಅಭ್ಯಾಸವನ್ನು ಭಾರತವೂ ಸೇರಿ ಆರು ದೇಶಗಳಲ್ಲಿ ಆರಂಭಿಸಿತು. ಹೋಟೆಲಿನ ರಿಸೆಪ್ಷನ್, ಬ್ಯಾಂಕಿನ ಕೌಂಟರ್, ಇಂಟರ್‌ವ್ಯೂ ಹೀಗೆ ಸನ್ನಿವೇಶ ಕೊಟ್ಟು ಮಾತಾಡಿಸಬಹುದು. ಬೇಕೆಂದಾಗ ಕನ್ನಡದಲ್ಲಿ ವಿವರಣೆ ಕೇಳಬಹುದು. ದೊಡ್ಡವರ ನಾಚಿಕೆಗೆ ಇಷ್ಟು ಹೊಂದುವ ಸಾಧನ ಹಿಂದೆ ಇರಲಿಲ್ಲ. ಅದರ ದೋಷವೂ ಅದರ ಸೌಜನ್ಯದಲ್ಲೇ ಇದೆ. ಅರ್ಧಂಬರ್ಧ ಹೇಳಿದ್ದನ್ನೂ ಊಹಿಸಿ ಅರ್ಥಮಾಡಿಕೊಂಡು ಉತ್ತರಿಸುತ್ತದೆ; ಆತುರದಲ್ಲಿರುವ ಗಿರಾಕಿ ಹಾಗೆ ಮಾಡುವುದಿಲ್ಲ.

ಫಲ ಎಷ್ಟು?

ಆ್ಯಪ್ ಕಂಪನಿಗಳು ಬಹುಕಾಲ ಉಲ್ಲೇಖಿಸಿದ ಅಧ್ಯಯನ ರೂಮೆನ್ ವೆಸ್ಸೆಲಿನೊವ್ ಮತ್ತು ಜಾನ್ ಗ್ರೆಗೊ 2012ರಲ್ಲಿ ಮಾಡಿದ್ದು. ಡುವೊಲಿಂಗೊದಲ್ಲಿ ಸರಾಸರಿ 34 ಗಂಟೆ ಕಲಿತರೆ ಕಾಲೇಜಿನ ಮೊದಲ ಸೆಮಿಸ್ಟರಿಗೆ ಸಮ ಎಂದು ಅದು ಹೇಳಿತು. ಅಧ್ಯಯನಕ್ಕೆ ಹಣ ಕೊಟ್ಟದ್ದು ಅದೇ ಕಂಪನಿ, ಕಲಿತ ಭಾಷೆ ಸ್ಪ್ಯಾನಿಷ್, ಕಲಿತವರು ಇಂಗ್ಲಿಷ್ ಬಲ್ಲವರು. ಮಂಡ್ಯದ ಕಲಿಯುವವರಿಗೆ ಅದರಿಂದ ತಿಳಿಯುವುದು ಅಲ್ಪ.

ಇದಕ್ಕಿಂತ ಗಂಭೀರವಾದದ್ದು ಅಮೆರಿಕದಲ್ಲಿ ಬಾರ್ಬರಾ ಬುಷ್ ಪ್ರತಿಷ್ಠಾನದ ಹೆಸರಿನಲ್ಲಿ ನಡೆದ ವಯಸ್ಕ ಸಾಕ್ಷರತಾ ಎಕ್ಸ್‌ಪ್ರೈಜ್ ಸ್ಪರ್ಧೆ. ಓದು ಬಾರದ ವಯಸ್ಕರಿಗೆ, ಇಂಗ್ಲಿಷ್ ಕಲಿಯುವ ವಲಸೆಗಾರರಿಗೆ ಒಳ್ಳೆಯ ಆ್ಯಪ್ ಕಟ್ಟುವವರಿಗೆ 2015ರಲ್ಲಿ 70 ಲಕ್ಷ ಡಾಲರ್ ಬಹುಮಾನ ಸಾರಲಾಯಿತು. ಅಂತಿಮ ಸುತ್ತಿನ ಆ್ಯಪ್‌ಗಳನ್ನು ಲಾಸ್ ಏಂಜಲಿಸ್, ಡಲ್ಲಾಸ್, ಫಿಲಡೆಲ್ಫಿಯಾಗಳಲ್ಲಿ ಸುಮಾರು 12,000 ವಯಸ್ಕರಿಗೆ ಕೊಟ್ಟು ಒಂದು ವರ್ಷ ಪರೀಕ್ಷಿಸಿದರು. ಕೇರಳದ ಅಮೃತಪುರಿಯ ಅಮೃತಾ ಕ್ರಿಯೇಟ್ ತಂಡವೂ ಅಂತಿಮ ಸುತ್ತಿನಲ್ಲಿತ್ತು. 2019ರ ಫೆಬ್ರುವರಿಯಲ್ಲಿ ಮೊದಲ ಬಹುಮಾನವನ್ನು ಲರ್ನಿಂಗ್ ಅಪ್‌ಗ್ರೇಡ್ ಮತ್ತು ಪೀಪಲ್ ಫಾರ್‌ವರ್ಡ್ಸ್ ಹಂಚಿಕೊಂಡವು. ಮೊದಲನೆಯದು ಹಾಡು, ವಿಡಿಯೊಗಳ ಮೂಲಕ ಹಂತಹಂತವಾಗಿ ಕಲಿಸುತ್ತದೆ. ಎರಡನೆಯದರ ಆಟದಲ್ಲಿ ಕಲಿಯುವವರು ಮುಳುಗಿದ ಅಟ್ಲಾಂಟಿಸ್ ನಗರದ ಲಿಪಿ ಬಿಡಿಸುವ ಪುರಾತತ್ತ್ವಜ್ಞರಾಗುತ್ತಾರೆ. ಆಟದ ಲಿಪಿ ಎಲ್ಲರಿಗೂ ಹೊಸದಾದ್ದರಿಂದ ಓದು ಬಾರದ ನಾಚಿಕೆ ಅಲ್ಲಿ ಕಾಡುವುದಿಲ್ಲ, ಇದು ಜಾಣ ಉಪಾಯ.

ತರಗತಿ, ಸಂಬಳ, ಸರ್ಟಿಫಿಕೇಟ್

ಆ್ಯಪನ್ನು ಒಂಟಿಯಾಗಿ ಬಿಡದೆ ಮನುಷ್ಯರ ಕೂಟಕ್ಕೆ ಸೇರಿಸಿದಾಗ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕೌಂಟಿ ಶಿಕ್ಷಣ ಕಚೇರಿ ನಡೆಸುವ ಯುಎಸ್‌ಎ ಲರ್ನ್ಸ್ ಉಚಿತ ಪಾಠಗಳನ್ನು ಒಬ್ಬಂಟಿಯಾಗಿಯೂ ಕಲಿಯಬಹುದು, ಶಿಕ್ಷಕರು ತಮ್ಮ ತರಗತಿಗೂ ಜೋಡಿಸಿಕೊಳ್ಳಬಹುದು. ನಮ್ಮಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿನವರು ವಾಟ್ಸ್ಆ್ಯಪ್ ಗುಂಪಿನಲ್ಲೇ ಇದನ್ನು ಮಾಡಿಕೊಂಡಿದ್ದಾರೆ: ಪದಗಳನ್ನು ಮನೆಯಲ್ಲಿ ಆ್ಯಪಿನಲ್ಲಿ ಕಲಿಯುವುದು, ದಿನಕ್ಕೊಂದು ವಾಯ್ಸ್ ಮೆಸೇಜು ಗುಂಪಿಗೆ ಕಳಿಸುವುದು, ಭೇಟಿಯಾದಾಗ ಬರೀ ಮಾತು. ದುಡ್ಡು ಕೊಡದೆ ಮಾಡಬಹುದಾದ ಈ ಏರ್ಪಾಡು ಎಷ್ಟೋ ಚಂದಾ ಯೋಜನೆಗಳಿಗಿಂತ ಮೇಲು. ವರ್ಷದ ಚಂದಾ ಕಟ್ಟುವ ಮೊದಲು ಉಚಿತ ಭಾಗವನ್ನು ಒಂದು ತಿಂಗಳು ಬಳಸಿ ನೋಡುವುದು, ಹಣ ತಾನಾಗಿ ಕಡಿತವಾಗುವ ಒಪ್ಪಿಗೆಯನ್ನು ಗಮನಿಸುವುದು ಒಳ್ಳೆಯದು. ಉಚ್ಚಾರಣೆಯ ಆ್ಯಪ್‌ಗಳು ದನಿಯನ್ನು ತಮ್ಮಲ್ಲಿಗೆ ಒಯ್ಯುತ್ತವೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಅಂಥ ಮಾಹಿತಿಯೂ ಬರುತ್ತದೆ.

ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಭಾಷಾಜ್ಞಾನದ ಎ1ರಿಂದ ಸಿ2ವರೆಗಿನ ಆರು ಮಟ್ಟಗಳನ್ನು ಆ್ಯಪ್‌ಗಳು ಧಾರಾಳವಾಗಿ ಬಳಸುತ್ತವೆ. ಪಾಠ ಮುಗಿಸಿದ್ದಕ್ಕೆ ಸಿಗುವ ಬಿ1 ಎಂಬ ಪಟ್ಟ ಪರೀಕ್ಷೆಯಲ್ಲಿ ಸಿಗುವ ಬಿ1ಗೆ ಸಮವಲ್ಲ. ಮನೆಯಿಂದಲೇ ಬರೆಯುವ ಡುವೊಲಿಂಗೊ ಇಂಗ್ಲಿಷ್ ಟೆಸ್ಟ್ ಬೇರೆಯೇ ಆದ ಪರೀಕ್ಷೆ. 2020ರಲ್ಲಿ ಕೋವಿಡ್ ಕಾರಣದಿಂದ ಪರೀಕ್ಷಾಕೇಂದ್ರಗಳು ಮುಚ್ಚಿದಾಗ ಹಲವು ವಿದೇಶಿ ವಿಶ್ವವಿದ್ಯಾಲಯಗಳು ಅದನ್ನು ಒಪ್ಪಿಕೊಂಡವು. ಬೆಂಗಳೂರಿನ ಹೋಟೆಲಿನಲ್ಲಾಗಲಿ, ಕಾಲ್ ಸೆಂಟರಿನಲ್ಲಾಗಲಿ ಕೆಲಸಕ್ಕೆ ತೆಗೆದುಕೊಳ್ಳುವವರು ಆ್ಯಪಿನ ಸರ್ಟಿಫಿಕೇಟನ್ನು ಕಣ್ಣೆತ್ತಿ ನೋಡುವುದು ಕಡಿಮೆ. ಅವರು ಮೊದಲು ಐದು ನಿಮಿಷ ಫೋನಿನಲ್ಲಿ ಮಾತಾಡಿಸುತ್ತಾರೆ.